ಕುಂಟೆಗೆ ಬಂದ ಟ್ಯಾಂಕರ್

ಚಿಕ್ಕಜಾಲದ ಆಚೆ, ನಮ್ಮೂರಿನ ಕುಂಟೆಯಲ್ಲೇ ನಾನು ಈಜು ಕಲಿತದ್ದು. ದೊಡ್ಡಮ್ಮ ನನ್ನ ಸೊಂಟಕ್ಕೆ ಹಳೇ ಸೀರೆ ಕಟ್ಟಿ, ಇನ್ನೊಂದು ತುದಿ ಹಿಡಿದು ದಡದಲ್ಲಿ ನಿಲ್ಲುತ್ತಿದ್ದಳು. ಜಮೀನೆಲ್ಲ ಲೇಔಟ್ ಆದ ಮೇಲೆ ನಾನು ಹೈವೇ ಪಕ್ಕದ ಅಪಾರ್ಟ್‌ಮೆಂಟ್ ಸೇರಿದೆ, ಅಲ್ಲಿನ ಕಮಿಟಿಗೂ ಸೇರಿದೆ. ದೊಡ್ಡಮ್ಮ ಮಾತ್ರ ಕುಂಟೆ ಪಕ್ಕದ ಮನೆಯಲ್ಲೇ ಎರಡು ಹಸು ಇಟ್ಟುಕೊಂಡು ಉಳಿದಳು.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವಳ ಫೋನ್ ಬಂತು. "ಅಸ ನೀರಿಗೆ ಮೂತಿನೇ ಇಕ್ತಿಲ್ಲ ಕಣೇ. ಬಂದು ನೋಡು, ಎಂಗಾಗೈತೆ ಅಂತ."

ಕುಂಟೆ ಇನ್ನೂ ದೂರವಿರುವಾಗಲೇ ಗಬ್ಬು ನಾತ ಮುಖಕ್ಕೆ ರಾಚಿತು. ದಡದಲ್ಲಿ ಒಂದು ಟ್ಯಾಂಕರ್ ಹಿಂದುಮುಂದಾಗಿ ನಿಂತಿತ್ತು. ಅದರ ದಪ್ಪ ಪೈಪಿನಿಂದ ಕಪ್ಪು ನೀರು, ಮಲ, ಕೂದಲುಂಡೆ ಎಲ್ಲ ಭಳಭಳನೆ ಸುರಿಯುತ್ತಿತ್ತು.

"ಎಲ್ಲಿಂದ ತಂದ್ರೀ ಈ ಹೊಲಸು?" ಎಂದು ಡ್ರೈವರ್ ಮೇಲೆ ಕೂಗಾಡಿದೆ.

ಅವನು ನನ್ನನ್ನೇ ದಿಟ್ಟಿಸಿದ. "ನಿಮ್ ಅಪಾರ್ಟ್‌ಮೆಂಟಿಂದೇ ಮೇಡಂ. ಮೊನ್ನೆ ಗೇಟ್ ಹತ್ರ ನೀವೇ ಸೈನ್ ಹಾಕಿದ್ರಲ್ಲ!"

ನಿಜ. ನಮ್ಮ ಕೊಳಚೆ ನೀರಿನ ಘಟಕ ಕೆಟ್ಟಿತ್ತು. ಟ್ಯಾಂಕರ್ ಕರೆಸೋಣ ಎಂದು ಕಮಿಟಿಯಲ್ಲಿ ಕೇಳಿದಾಗ ನಾನೂ ಕೈ ಎತ್ತಿದ್ದೆ. ಎಲ್ಲಿಗೆ ಒಯ್ಯುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ನಮ್ಮ ಕಣ್ಣಿಂದ ಮರೆಯಾದರೆ ಸಾಕಿತ್ತು, ಅಷ್ಟೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹಿಂದೆ ನಿಂತಿದ್ದ ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ದಾ?" ಎಂದಳು. ಆಮೇಲೆ ಒಂದು ಚೊಂಬು ನೀರು ತಂದು, "ಕಾಲ್ ತೊಳ್ಕೊಂಡು ಒಳಿಕ್ ಬಾ" ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಭಾನುವಾರದ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಕಾರ್ಯದರ್ಶಿ ಕೇಕ್ ತಿನ್ನುತ್ತಾ, "ಊರಾಚೆ ತಾನೇ ಮೇಡಂ? ಅಲ್ಲಿ ಯಾರಿರ್ತಾರೆ?" ಎಂದರು. ನಾಲ್ಕು ಜನ ತಲೆಯಾಡಿಸಿದರು. ಕುಂಟೆಯಿಂದ ಬಾಟಲಿಯಲ್ಲಿ ತುಂಬಿ ತಂದಿದ್ದ ನೀರನ್ನು ಕೇಕಿನ ಪಕ್ಕ ಇಟ್ಟು ಮುಚ್ಚಳ ತೆಗೆದೆ. ಎಲ್ಲರೂ ಮೂಗು ಮುಚ್ಚಿಕೊಂಡು ಎದ್ದರು. ಕಾರ್ಯದರ್ಶಿ ಬಾಗಿಲಾಚೆ ಓಡಿ, "ಇದೇನ್ರೀ ಅಸಹ್ಯ!" ಎಂದು ಕಿರುಚಿದರು.

"ನಮ್ದೇ ಅಲ್ವಾ ಸಾರ್, ಗುರುತು ಸಿಗ್ಲಿಲ್ವಾ?" ಎಂದೆ.

ಆ ತಿಂಗಳೇ ಘಟಕ ರಿಪೇರಿಯಾಯಿತು. ಆದರೆ ಕುಂಟೆಗೆ ಈಗ ಬೇರೆ ಅಪಾರ್ಟ್‌ಮೆಂಟುಗಳ ಟ್ಯಾಂಕರ್‌ಗಳು ಬರುತ್ತಿವೆ. ದೂರು ಬರೆದು ಬರೆದು ಸಾಕಾಗಿದೆ. ದೊಡ್ಡಮ್ಮ ಹಸುಗಳನ್ನು ತನ್ನ ತಂಗಿಯ ಊರಿಗೆ ಕಳಿಸಿದಳು. ನೀನೂ ನನ್ನ ಜೊತೆ ಬಂದುಬಿಡು ಎಂದು ಕರೆದೆ.

"ನಿಮ್ ಅಪಾರ್ಟ್‌ಮೆಂಟ್‌ಗಾ? ಥೂ," ಎಂದಳು. "ನಾ ಒಲ್ಲೆ."