ಮದುವೆ ಕ್ಯಾಮೆರಾದ ಮುಂದೆ ಅವ್ವನ ನಡಿಗೆ

ಬನಹಟ್ಟಿಯಲ್ಲಿ ವಿಡಿಯೊ ಕ್ಯಾಮೆರಾ ಬಂತೆಂದರೆ ಆ ಮನೆಯಲ್ಲಿ ಮದುವೆ ಎಂದೇ ಅರ್ಥವಿದ್ದ ಕಾಲ. ನಮ್ಮ ಮನೆಗೆ ಅದು ಬಂದದ್ದು ಅವ್ವನ ಕಾಲಿನ ಸಲುವಾಗಿ.

ಮುರಿದ ತೊಡೆಯ ಮೂಳೆ ಕೂಡಿದ ಮೇಲೂ ಅವ್ವ ಕುಂಟುತ್ತಿದ್ದಳು, ಆಗಾಗ ಮುಗ್ಗರಿಸುತ್ತಿದ್ದಳು. ಜಮಖಂಡಿಯ ಡಾಕ್ಟರ ಮುಂದೆ ಮಾತ್ರ ತಲೆತುಂಬ ಸೆರಗು ಹೊದ್ದು, ಹೊಸ ಸೊಸೆಯ ಹಾಗೆ ಹುಷಾರಾಗಿ ನಡೆದು ತೋರಿಸುವಳು. ಮತ್ತೆ ಆಪರೇಷನ್ ಬೇಕೋ ಬೇಡವೋ, ಅವರಿಗೆ ತಿಳಿಯಲೊಲ್ಲದು.

“ಮನ್ಯಾಗ ಹೆಂಗ ನಡೀತಾರ, ಆ ನಡಿಗಿ ನೋಡಬೇಕು ನನಗ,” ಎಂದರು. “ದೊಡ್ಡ ಊರಾಗ ಅದಕ್ಕ ಮಷೀನ್ ಅದಾವ. ನಮಗ ಮದವಿ ವಿಡಿಯೊದಾಂವ ಸಾಕು. ಮೊಣಕಾಲಿಗೆ, ಕಣಕಾಲಿಗೆ ಗುರುತು ಕಟ್ಟಿ ಬಾಜೂದಿಂದ ತೆಗಸ್ರಿ.”

ಅವ್ವನ ಕಿವಿಗೆ ಬಿದ್ದದ್ದು ‘ನಡತಿ’. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಿಡಿಮಿಡಿ. “ಮೊಮ್ಮಕ್ಕಳನ್ನ ಕಂಡಾಕಿ ನಾ. ನನ್ನ ನಡತಿ ಇವರೇನ ನೋಡತಾರ?” ಅಪ್ಪ ತಿದ್ದಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ನಗುತ್ತ ಕೂತ. ಮನೆ ಮುಟ್ಟಿದ ಮೇಲೆ ನಾನೇ ಬಿಡಿಸಿ ಹೇಳಬೇಕಾಯಿತು.

ಕ್ಯಾಮೆರಾದವ ಬಂದ ದಿನ ಮೊಣಕಾಲು ಕಾಣಲೆಂದು ಅವ್ವ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ನೇಕಾರ ಅಪ್ಪ ಮಗ್ಗದ ಕೆಂಪು ನೂಲನ್ನೇ ಗುರುತಿಗೆ ಕಟ್ಟಿದ. ಆದರೆ ಮೂಗಿನಲ್ಲಿ ನತ್ತು, ತಲೆಯಲ್ಲಿ ಹೂವು! ಕ್ಯಾಮೆರಾದ ದೀಪ ಹತ್ತಿದೊಡನೆ ಅವ್ವ ಕೈಮುಗಿದು ನಿಂತೇಬಿಟ್ಟಳು.

“ನಡೀರಿ ಕಾಕೂ!” ಎಂದ ಕ್ಯಾಮೆರಾದವ.

ನಡೆದಳು, ಮದುಮಕ್ಕಳಿಗೆ ಅಕ್ಕಿಕಾಳು ಹಾಕಲು ಹೊರಟವಳ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಕೊನೆಗೆ ಅಪ್ಪ ಕೂಗಿದ: “ಹಾಲ ಉಕ್ಕಾಕತ್ತೈತಿ ನೋಡ!” ಅವ್ವ ಕ್ಯಾಮೆರಾ ಮರೆತು ಅಂಗಳ ದಾಟಿದಳು. ಕೂಗಿದ ಅಪ್ಪನೂ ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿದ.

ಡಾಕ್ಟರು ತಮ್ಮ ಟೀವಿಯಲ್ಲಿ ಟೇಪನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಒಂದು ಕಾಲು ಗಿಡ್ಡ, ಅದರ ಹಿಮ್ಮಡಿ ನೆಲಕ್ಕೆ ಹತ್ತುತ್ತಲೇ ಇರಲಿಲ್ಲ. “ಆಪರೇಷನ್ ಬ್ಯಾಡ. ಆ ಕಾಲಿನ ಚಪ್ಪಲಿ ಅಷ್ಟ ಎತ್ತರ ಮಾಡಸ್ರಿ.” ನಮಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಟೇಪನ್ನು ಮತ್ತೆ ಹಿಂದೆ ಓಡಿಸಿದರು.

“ಯಜಮಾನರ ಈ ಕೈ ಯಾಕ ಬೀಸವಲ್ದು?”

ಅವರು ನಗುತ್ತಿರಲಿಲ್ಲ. ನಡೆಯುವಾಗ ಕೈ ಬೀಸದಿದ್ದರೆ ಅದೂ ಒಂದು ರೋಗದ ಗುರುತಂತೆ. ಅಪ್ಪನನ್ನು ಒಬ್ಬನನ್ನೇ ದವಾಖಾನೆಯ ಪಡಸಾಲೆಯಲ್ಲಿ ನಡೆಸಿ ನೋಡಿದರು. ಎರಡೂ ಕೈ ಚೆನ್ನಾಗಿಯೇ ಬೀಸಿದವು.

“ನನ್ನ ಬಾಜೂ ಇದ್ದಾಗ ಅಷ್ಟ ಅದು ಹಂಗರಿ,” ಎಂದಳು ಅವ್ವ. “ನಾ ಎಲ್ಲೆ ಬೀಳತೇನೋ ಅಂತ ಹಿಡಿಯಾಕ ತಯಾರ ಇಟ್ಟಿರತಾರ.” ಆಮೇಲೆ ಅಪ್ಪನ ಕಡೆ ತಿರುಗಿದಳು. “ನೋಡ್ರಿ, ನನ್ನ ನಡಿಗಿ ನೋಡಾಕ ಹೋಗಿ ನಿಮ್ಮ ನಡತಿ ಸಿಕ್ಕತು.”

ಅಪ್ಪನಿಗೆ ಆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಂಗಿಯ ಕಿಸೆಯೊಳಗೆ ಹಾಕಿಕೊಂಡ.