ದೇವರೆದುರು ಮಡಚದ ಕಾಲು

ಸ್ಕೀಯಿಂಗ್ ಮಾಡಲು ಹೋಗಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಬಂದವನು ಅಂಕೋಲೆಯಲ್ಲಿ ನಾನೊಬ್ಬನೇ ಇರಬೇಕು. ಕಾರವಾರದ ಡಾಕ್ಟರು ಆಪರೇಷನ್ ಮಾಡಿ, ಕಾಲಿಗೆ ಗಟ್ಟಿ ಪಟ್ಟಿ ಬಿಗಿದು, "ಸದ್ಯ ಮಡಚುವಂತಿಲ್ಲ" ಎಂದರು. ನಾಲ್ಕು ಹೆಜ್ಜೆ ಇಡುವಂತಾದ ಕೂಡಲೇ ಊರುಗೋಲು ಹಿಡಿದು ಮಂಜಗುಣಿಯ ವೆಂಕಟರಮಣನ ದರ್ಶನಕ್ಕೆ ಹೋದೆ.

ಪೂಜೆಗೆ ಇನ್ನೂ ಹೊತ್ತಿತ್ತು, ನಿಂತಿರಲು ಆಗಲಿಲ್ಲ. ಕೂರೋಣವೆಂದರೆ ಮಡಚದ ಕಾಲು ನೇರ ಗರ್ಭಗುಡಿಯತ್ತಲೇ ಚಾಚುತ್ತದೆ. ದೇವರಿಗೆ ಕಾಲು ತೋರಿಸುವುದುಂಟೇ? ಜನರ ನಡುವೆ ಪಕ್ಕಕ್ಕೆ ತಿರುಗಲೂ ಜಾಗವಿರಲಿಲ್ಲ. ಪೂಜೆ ನೋಡದೆ ಮರಳಬೇಕಲ್ಲ ಎಂದು ಕಣ್ಣು ತುಂಬಿ ಬಂತು.

ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಕೇಳಿದಳು, "ಕಾಲಿಗೆ ಎಂತಾ ಆಯ್ತೋ ತಮಾ?"

"ಹಲಗೆ ಕಟ್ಕಂಡು ಹಿಮದ ಮೇಲೆ ಜಾರೂಕೆ ಹೋಗಿದ್ದೆ, ಅಜ್ಜೀ."

"ಜಾರೂಕೆ ಅಷ್ಟು ದೂರ ಹೋಗಿದ್ಯಾ? ಮಳೆಗಾಲದಲ್ಲಿ ನಮ್ಮ ಗದ್ದೆ ಅಂಚಿನ ಮೇಲೆ ಬಂದಿದ್ರೆ ಸಾಕಾಗಿತ್ತಲೋ!"

ಸುತ್ತಲಿನವರು ನಕ್ಕರು. ನೋವಿಗಿಂತ ಈ ಕಾಲು ದೇವರತ್ತ ಚಾಚುವುದೇ ದೊಡ್ಡ ಸಂಕಟ ಎಂದೆ. ಆಕೆ ನನ್ನನ್ನು ಮೆಲ್ಲಗೆ ಕೂರಿಸಿ, ಚಾಚಿದ ಪಾದದ ಮುಂದೆಯೇ ತಾನು ಕುಳಿತಳು. "ಈಗ ನಿನ್ನ ಕಾಲು ನನ್ನ ಕಡಿಗೆ ಆಯ್ತು, ದೇವರ ಕಡಿಗಲ್ಲ. ನಂಗೇನೂ ಸಿಟ್ಟಿಲ್ಲ. ಸುಮ್ನೆ ಕೈಮುಗಿ."

ಮಂಗಳಾರತಿಯಾಯಿತು. ನನಗೆ ಕಂಡದ್ದು ಆಕೆಯ ಬೆನ್ನು ಮತ್ತು ತುರುಬಿನ ಅಬ್ಬಲಿಗೆ ಹೂವು ಮಾತ್ರ. ಭಕ್ತಿಯಿಂದಲೇ ಕೈಮುಗಿದೆ. ವೆಂಕಟರಮಣ ತಪ್ಪು ತಿಳಿದಿರಲಾರ. ತನಗೇ ಅಡ್ಡ ಕೂರುವ ಬುದ್ಧಿಯನ್ನು ಆಕೆಗೆ ಕೊಟ್ಟವನೂ ಅವನೇ ತಾನೇ.