ಎಂಜಲು ಟಿಕೆಟ್ಟು

ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ ಬೆಳಗ್ಗೆ ಹೊರಡುವ ನಮ್ಮ ಬಸ್ಸಿನ ಕಂಡಕ್ಟರ್ ಗಂಗಾಧರಯ್ಯನವರಿಗೆ ಒಂದು ಕೆಟ್ಟ ಅಭ್ಯಾಸ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡೇ ಟಿಕೆಟ್ ಹರಿಯುವುದು. ನಮ್ಮಂಥ ಗುಮಾಸ್ತರು ನೋಟು ಎಣಿಸುವುದೂ ಹಾಗೆಯೇ, ಅದಕ್ಕೇ ಸುಮ್ಮನಿದ್ದೆವು. ನವರಂಗ್ ಸ್ಟಾಪಿನಲ್ಲಿ ಹತ್ತುವ ಸತ್ಯವತಿ ಟೀಚರ್ ಮಾತ್ರ ಬಿಡುತ್ತಿರಲಿಲ್ಲ. ಮಹಾ ಮಡಿಯ ಹೆಂಗಸು. "ಥೂ, ಎಂಜಲು ಕಣ್ರೀ!" ಎಂದು ಟಿಕೆಟ್ಟನ್ನು ತುದಿಬೆರಳಲ್ಲಿ ಹಿಡಿದು ಕರ್ಚೀಫಿನಿಂದ ಒರೆಸುತ್ತಿದ್ದರು.

"ಪ್ರಸಾದ ಅಂದ್ಕೊಳ್ಳಿ ತಾಯಿ," ಎಂದು ಗಂಗಾಧರಯ್ಯ ನಗುವರು. ನನಗೆ ಇಬ್ಬರ ಮೇಲೂ ರೇಗುತ್ತಿತ್ತು. ಆಫೀಸಿಗೆ ತಡವಾಗುವುದು ನನಗಲ್ಲವೇ?

ಎಪ್ಪತ್ತಾರನೇ ಇಸವಿಯಲ್ಲಿ ಗಂಗಾಧರಯ್ಯನವರ ನಾಲಿಗೆಯ ಬುಡದಲ್ಲಿ ಹುಣ್ಣು ಕಾಣಿಸಿತು. ಎಲೆ ಅಡಿಕೆ, ಕಡ್ಡಿಪುಡಿಯ ಕೃಪೆ. ಕ್ಯಾನ್ಸರ್ ಎಂದರು, ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ವಿಕಿರಣ, ಇಟ್ಟರು. ನಾನು ಬಾಪೂಜಿ ನಗರದ ಅವರ ಮನೆಗೆ ಹೋದಾಗ ಬಾಯಿ, ಗಂಟಲೆಲ್ಲ ಬೆಂದುಹೋಗಿ, ನೀರು ಗಂಜಿ ನುಂಗಲೂ ಕಣ್ಣೀರು ಹಾಕುತ್ತಿದ್ದರು. ಹೆಂಡತಿ ಶಿವಕ್ಕ ಬೆಲ್ಲ ಹಾಕಿದರೂ ಒಂದೇ, ಉಪ್ಪು ಹಾಕಿದರೂ ಒಂದೇ.

ಪುಣ್ಯಕ್ಕೆ ಹುಣ್ಣು ವಾಸಿಯಾಯಿತು, ನಾಲಿಗೆಗೆ ರುಚಿಯೂ ಮೆಲ್ಲಗೆ ಮರಳಿತು. ಬಾಯಿ ಮಾತ್ರ ಒಣಗಿಯೇ ಇತ್ತು. ಜೊಲ್ಲು ಮತ್ತೆ ಊರಬಹುದು, ಊರದೆಯೂ ಇರಬಹುದು ಎಂದರು ಡಾಕ್ಟರು.

"ಕೂಗೋಕಾಗ್ದೆ ಇರೋ ಕಂಡಕ್ಟರನ್ನ ಡಿಪೋದಲ್ಲಿ ಕೂರಿಸ್ತಾರೆ ಸಾರ್. ಬಸ್ಸು, ಜನ ಇಲ್ದೆ ನಾನು ಬದುಕಲ್ಲ," ಎಂದರು ಗಂಗಾಧರಯ್ಯ.

ಯುಗಾದಿವರೆಗೆ ನೋಡೋಣ ಎಂದು ಮೇಲಿನವರು ಒಪ್ಪಿದ ಮೇಲೆ ಮತ್ತೆ ಬಸ್ಸಿಗೆ ಬಂದರು. ಹೆಗಲಲ್ಲಿ ನೀರಿನ ಸೀಸೆ, ಕೈಯಲ್ಲಿ ಒದ್ದೆ ಸ್ಪಂಜಿನ ಡಬ್ಬಿ. "ಹೋಲ್ಡಾನ್" ಎನ್ನುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಟೀಚರಿಗೆ ಈಗ ಶುಭ್ರವಾದ ಟಿಕೆಟ್ ಸಿಗುತ್ತಿತ್ತು, ಆದರೆ ಅವರ ಮುಖ ಸಪ್ಪಗಿರುತ್ತಿತ್ತು. ಜಗಳವಿಲ್ಲದ ಆ ಬಸ್ಸು ನನಗೂ ಬೇಡವಾಗಿತ್ತು.

ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ವಿಪರೀತ ರಶ್ಶು. ನೂಕಾಟದಲ್ಲಿ ಸ್ಪಂಜಿನ ಡಬ್ಬಿ ಯಾರ ಕಾಲಡಿಗೋ ಉರುಳಿತು. ಟೀಚರ್ ಚಿಲ್ಲರೆ ಹಿಡಿದು ಕಾಯುತ್ತಿದ್ದರು. ಗಂಗಾಧರಯ್ಯನವರ ಹೆಬ್ಬೆರಳು ಹಳೆಯ ಅಭ್ಯಾಸದಂತೆ ನಾಲಿಗೆಗೆ ಹೋಯಿತು. ಟಿಕೆಟ್ ಸರಕ್ಕನೆ ಹರಿಯಿತು. ಅವರು ಹೆಬ್ಬೆರಳನ್ನೇ ನೋಡಿದರು, ಇನ್ನೊಮ್ಮೆ ನಾಲಿಗೆಗೆ ಒತ್ತಿ ನೋಡಿದರು. ಒದ್ದೆ!

"ತಾಯಿ... ಎಂಜಲಾಯ್ತು," ಎಂದರು, ಕಣ್ಣು ತುಂಬಿಕೊಂಡು.

ಟೀಚರ್ ಟಿಕೆಟ್ಟನ್ನು ಇಡೀ ಅಂಗೈಯಲ್ಲಿ ತೆಗೆದುಕೊಂಡರು. ಕರ್ಚೀಫು ಹೊರಗೆ ಬಂತು, ಅವರದೇ ಕಣ್ಣೊರೆಸಲು.

"ಹೋಲ್ಡಾನ್... ರೈಟ್!" ಕೂಗು ಡ್ರೈವರನವರೆಗೂ ಕೇಳಿಸಿತು. ಇಡೀ ಬಸ್ಸಿಗೆ ಉಸಿರು ಬಂದಂತಾಯಿತು. ಆಫೀಸು ಹಾಳಾಗಲಿ ಎಂದುಕೊಂಡೆ ನಾನು.

ಟೀಚರ್ ಮೂಗೊರೆಸಿಕೊಂಡು ಬಗ್ಗಿ, ಸ್ಪಂಜಿನ ಡಬ್ಬಿ ಹುಡುಕಿ ಅವರ ಕೈಗಿಟ್ಟರು.

"ಇವತ್ತೊಂದಿನ ಪರವಾಗಿಲ್ಲ ಕಣ್ರೀ. ನಾಳೆಯಿಂದ ಇದನ್ನೇ ಇಟ್ಕೊಳ್ಳಿ."